ಬಳ್ಳಾರಿ ಬಿಸಿಲಿಗೆ ಸಣ್ಣ ಗೇಮಿಂಗ್ ಪಿಸಿ ತಡೆಯುತ್ತಾ?

ಪ್ರಶ್ನೆ: ಸರ್, ನಮ್ಮದು ಬಳ್ಳಾರಿ, ಕೌಲ್ ಬಜಾರ್ ಕಡೆ. ಕೆಳಗೆ ಅಪ್ಪನ ಜೀನ್ಸ್ ಹೊಲಿಯೋ ಯೂನಿಟ್, ಮೇಲೆ ಮನೆ. ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಗೇಮಿಂಗ್ ಪಿಸಿ ಜೋಡಿಸಬೇಕು ಅಂತ ಒಂದು ಲಕ್ಷ ಕೂಡಿಸಿಟ್ಟಿದ್ದೇನೆ. 24 ಇಂಚಿನ ಫುಲ್ ಎಚ್‌ಡಿ, 144 ಹರ್ಟ್ಜ್ ಮಾನಿಟರ್ ಆಗಲೇ ಇದೆ. ವ್ಯಾಲರಂಟ್ ದಿನಾ ಆಡ್ತೀನಿ, ಜಿಟಿಎ, ಸೈಬರ್‌ಪಂಕ್ ಥರದ್ದೂ ಆಡಬೇಕು. ಮೇಜು ಸಣ್ಣದು. ಕೆಲಸ ಸಿಕ್ಕ ಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಹೊತ್ತೊಯ್ಯಬೇಕು. ಹಾಗಾಗಿ ಆದಷ್ಟು ಸಣ್ಣ ಕ್ಯಾಬಿನೆಟ್ ಬೇಕು, ಆದರೆ ಎರಡು ವರ್ಷ ಬಿಟ್ಟು ಗ್ರಾಫಿಕ್ಸ್ ಕಾರ್ಡ್ ಬದಲಿಸೋ ಹಾಗಿರಬೇಕು. ಅಂಗಡಿಯವರು ‘ಇಲ್ಲಿ ಬಿಸಿಲಿಗೆ ಸಣ್ಣ ಡಬ್ಬಿ ಸುಟ್ಟು ಹೋಗ್ತದ ತಮ್ಮಾ, ದೊಡ್ಡ ಟವರ್ ತಗೋ, ವಾಟರ್ ಕೂಲಿಂಗ್ ಹಾಕ್ಸು’ ಅಂದರು. ಒಬ್ಬ ಗೆಳೆಯ ಲ್ಯಾಪ್‌ಟಾಪೇ ತಗೋ ಅಂತಾನೆ. ಇನ್ನೊಬ್ಬ ಜಾಸ್ತಿ ವ್ಯಾಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿದರೆ ಕರೆಂಟ್ ಬಿಲ್ ಏರುತ್ತೆ ಅಂತಾನೆ. ಕರೆಂಟೂ ಆಗಾಗ ಹೋಗುತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಐದಾರು ಇದ್ದರೂ ಚಿಂತೆ ಒಂದೇ. ಈಗ ಲಕ್ಷ ರೂಪಾಯಿ ಹಾಕಿ, ಎರಡು ವರ್ಷಕ್ಕೆ ಎಲ್ಲಾ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡುವ ಹಾಗಾಗಬಾರದು, ಅಲ್ವಾ? ಹಾಗಾದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಕ್ಯಾಬಿನೆಟ್, ಎಸ್‌ಎಂಪಿಎಸ್, ಮದರ್‌ಬೋರ್ಡ್ ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಮುಂದೆ ಯಾವ ಕಾರ್ಡ್ ಹಾಕಬಹುದು ಅನ್ನುವುದನ್ನು ತೀರ್ಮಾನಿಸುವುದು ಇವೇ. ನಮ್ಮ ಕಡೆ ಜನ ಇದನ್ನು ಉಲ್ಟಾ ಮಾಡುತ್ತಾರೆ. ಎಲ್ಲಾ ದುಡ್ಡು ಕಾರ್ಡಿಗೆ ಸುರಿದು, ಉಳಿದದ್ದರಲ್ಲಿ ‘ಯಾವುದಾದ್ರೂ ಒಂದು’ ಎಸ್‌ಎಂಪಿಎಸ್ ಹಾಕಿಸಿಕೊಂಡು ಬರುತ್ತಾರೆ.

ಮೊದಲು ಬಿಸಿಲಿನ ಮಾತು. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಕಾರ್ಡ್ ಆಗಲಿ, ಪ್ರೊಸೆಸರ್ ಆಗಲಿ, ರೂಮಿನ ಗಾಳಿಗಿಂತ ಇಷ್ಟು ಡಿಗ್ರಿ ಜಾಸ್ತಿ ಅನ್ನುವ ಲೆಕ್ಕದಲ್ಲಿ ಬಿಸಿಯಾಗುತ್ತದೆ. ನೀವು ಯೂಟ್ಯೂಬಿನಲ್ಲಿ ನೋಡುವ ರಿವ್ಯೂಗಳನ್ನು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಇರುವ ರೂಮಿನಲ್ಲಿ ಮಾಡಿರುತ್ತಾರೆ. ಅಲ್ಲಿ 24 ಡಿಗ್ರಿ ರೂಮಿನಲ್ಲಿ ಒಂದು ಕಾರ್ಡ್ 68 ಡಿಗ್ರಿ ತೋರಿಸಿತು ಅನ್ನಿ. ಏರಿದ್ದು 44 ಡಿಗ್ರಿ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಹೊರಗೆ 40 ದಾಟಿರುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಮಹಡಿ ರೂಮು ಮಧ್ಯಾಹ್ನ 37 ಇದ್ದರೆ ಅದೇ ಕಾರ್ಡ್ ಇಲ್ಲಿ 81ರ ಹತ್ತಿರ ಓಡುತ್ತದೆ. ಎನ್‌ವಿಡಿಯಾದ ಬಹಳಷ್ಟು ಕಾರ್ಡ್‌ಗಳು 83 ಡಿಗ್ರಿ ಆಸುಪಾಸಿಗೆ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ನಿಮಗೆ ನಾನು ಹೇಳಲಿರುವ ರೈಜೆನ್ 5 7600 ಪ್ರೊಸೆಸರಿನ ಮಿತಿ 95 ಡಿಗ್ರಿ. ಅಂದರೆ ಸುಟ್ಟು ಹೋಗುವ ಮಾತಿಲ್ಲ. ಫ್ಯಾನ್ ಜೋರಾಗಿ ಕೂಗುತ್ತದೆ, ಆಟ ಸ್ವಲ್ಪ ನಿಧಾನವಾಗುತ್ತದೆ. ನಿಜವಾಗಿ ಸುಟ್ಟು ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಕಳಪೆ ಎಸ್‌ಎಂಪಿಎಸ್‌ನಿಂದ, ಇಲ್ಲವೇ ವೋಲ್ಟೇಜ್ ಏರುಪೇರಿನಿಂದ ಹೋದವು.

ರಿವ್ಯೂನಲ್ಲಿ ‘ಈ ಪುಟ್ಟ ಕ್ಯಾಬಿನೆಟ್‌ನಲ್ಲಿ ಕಾರ್ಡ್ 78 ಡಿಗ್ರಿ, ಏನೂ ತೊಂದರೆ ಇಲ್ಲ’ ಅಂದರೆ ಅದು ಅವರ ಊರಿಗೆ ಸರಿ. ನಮ್ಮ ಊರಿಗೆ ಅದರ ಮೇಲೆ 13 ಡಿಗ್ರಿ ಸೇರಿಸಿ ನೋಡಿ. 65 ತೋರಿಸುವ ಕ್ಯಾಬಿನೆಟ್ ಹುಡುಕಿಕೊಳ್ಳಿ.

ವಾಟರ್ ಕೂಲಿಂಗ್ ಬೇಡ. ಅದು ಪ್ರೊಸೆಸರಿನ ಬಿಸಿಯನ್ನು ಬೇರೆ ಕಡೆ ಸಾಗಿಸುತ್ತದೆ ಅಷ್ಟೇ. ರೂಮಿನ ಗಾಳಿಗಿಂತ ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. 7600 ಅನ್ನುವುದು 65 ವ್ಯಾಟ್ ದರ್ಜೆಯ ಪ್ರೊಸೆಸರ್. ಅದಕ್ಕೆ ಡಬ್ಬಿಯಲ್ಲೇ ಒಂದು ಕೂಲರ್ ಬರುತ್ತದೆ. ಶಬ್ದ ಕಡಿಮೆ ಬೇಕಾದರೆ ಸಾಧಾರಣ ಬೆಲೆಯ ಟವರ್ ಏರ್ ಕೂಲರ್ ಸಾಕು. ಪಂಪ್ ಇದ್ದ ಮೇಲೆ ಒಂದಲ್ಲ ಒಂದು ದಿನ ಕೈ ಕೊಡುತ್ತದೆ. ಏರ್ ಕೂಲರಿನಲ್ಲಿ ಕೆಡುವುದು ಒಂದು ಫ್ಯಾನ್, ಅದನ್ನು ನೀವೇ ಬದಲಿಸಬಹುದು.

ಇನ್ನು ಎಷ್ಟು ಸಣ್ಣದು ಸರಿ? ಕ್ಯಾಬಿನೆಟ್ ಅಳತೆಯನ್ನು ಈಗ ಲೀಟರಿನಲ್ಲಿ ಹೇಳುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 40, 20, 30 ಸೆಂಟಿಮೀಟರಿನ ಡಬ್ಬಿ 24 ಲೀಟರ್. ಮಾಮೂಲಿ ಟವರ್ 40ರಿಂದ 50 ಲೀಟರ್ ಇರುತ್ತದೆ. ತೀರಾ ಪುಟ್ಟವು 10ರಿಂದ 15 ಲೀಟರ್. ಈ ಪುಟ್ಟವಕ್ಕೆ ಮಿನಿ ಐಟಿಎಕ್ಸ್ ಮದರ್‌ಬೋರ್ಡೇ ಬೇಕು, 17 ಸೆಂಟಿಮೀಟರ್ ಚೌಕದ್ದು. ಅದರಲ್ಲಿ ಕಾರ್ಡಿಗೆ ಒಂದೇ ಸ್ಲಾಟ್, ರ‍್ಯಾಮಿಗೆ ಎರಡೇ ಸ್ಲಾಟ್. ಬೆಲೆ ಮಾತ್ರ ಜಾಸ್ತಿ, ಆಯ್ಕೆ ಕಡಿಮೆ. ಸಾಮಾನ್ಯವಾಗಿ ಎಸ್‌ಎಫ್‌ಎಕ್ಸ್ ಅನ್ನುವ ಸಣ್ಣ ಎಸ್‌ಎಂಪಿಎಸ್ ಸಹ ಬೇಕಾಗುತ್ತದೆ, ಅದೂ ದುಬಾರಿ. ಒಂದು ಲಕ್ಷದಲ್ಲಿ ಈ ದಾರಿ ಹಿಡಿದರೆ ಸಣ್ಣದಾಗಿಸಲು ಕೊಟ್ಟ ದುಡ್ಡನ್ನು ಕಾರ್ಡಿನಿಂದ ಕಿತ್ತುಕೊಂಡ ಹಾಗೆ.

ಕೆಲವು ಪುಟ್ಟ ಕ್ಯಾಬಿನೆಟ್‌ಗಳಲ್ಲಿ ಕಾರ್ಡನ್ನು ಬೋರ್ಡಿನ ಬೆನ್ನ ಹಿಂದೆ ಕೂರಿಸಿ, ರೈಸರ್ ಅನ್ನುವ ಚಪ್ಪಟೆ ಕೇಬಲಿನಿಂದ ಜೋಡಿಸುತ್ತಾರೆ. ಹಳೇ ಮೂರನೇ ತಲೆಮಾರಿನ ರೈಸರಿಗೆ ಹೊಸ ಕಾರ್ಡ್ ಹಾಕಿದಾಗ ಪರದೆ ಕಪ್ಪಾಗುವುದು, ಆಟ ನಡುವೆ ನಿಲ್ಲುವುದು ಆಗುತ್ತದೆ. ಬಯಾಸ್ ಅನ್ನುವ, ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರಿನಲ್ಲಿ ಸ್ಲಾಟಿನ ವೇಗ ಇಳಿಸಿದರೆ ಸರಿ ಹೋಗುತ್ತದೆ. ಗೊತ್ತಿಲ್ಲದವರು ಕಾರ್ಡೇ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುತ್ತಾರೆ.

ನಿಮಗೆ ನನ್ನ ಸಲಹೆ ಮೈಕ್ರೋ ಎಟಿಎಕ್ಸ್. ಬೋರ್ಡ್ 24.4 ಸೆಂಟಿಮೀಟರ್ ಚೌಕ, ಕ್ಯಾಬಿನೆಟ್ 22ರಿಂದ 28 ಲೀಟರ್. ಮಾಮೂಲಿ ಟವರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತದೆ. ಬಸ್ಸಿನಲ್ಲೋ ಹಂಪಿ ಎಕ್ಸ್‌ಪ್ರೆಸ್ಸಿನಲ್ಲೋ ಸೀಟಿನ ಪಕ್ಕ ಇಟ್ಟುಕೊಂಡು ಹೋಗಬಹುದು. ಸಾಗಿಸುವಾಗ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿಕೊಳ್ಳಿ. ಭಾರದ ಕಾರ್ಡ್ ಸ್ಲಾಟಿನಲ್ಲಿ ಜೋತಾಡಿಕೊಂಡು ಮುನ್ನೂರು ಕಿಲೋಮೀಟರ್ ಹೋಗುವುದು ಒಳ್ಳೆಯದಲ್ಲ.

ಕ್ಯಾಬಿನೆಟ್ ಕೊಳ್ಳುವಾಗ ಬಣ್ಣದ ಲೈಟು ಆಮೇಲೆ ನೋಡಿ. ಮೊದಲು ಮೂರು ಅಳತೆ ಕೇಳಿ. ಒಂದು, ಎಷ್ಟು ಉದ್ದದ ಕಾರ್ಡ್ ಹಿಡಿಯುತ್ತದೆ. ಎರಡು, ಕೂಲರ್ ಎಷ್ಟು ಎತ್ತರ ಇರಬಹುದು. ಟವರ್ ಕೂಲರುಗಳು ಸುಮಾರು 15ರಿಂದ 16 ಸೆಂಟಿಮೀಟರ್ ಇರುತ್ತವೆ. ಮೂರು, ಎಸ್‌ಎಂಪಿಎಸ್ ಎಷ್ಟು ಉದ್ದದ್ದು ಹಿಡಿಯುತ್ತದೆ. ಇವತ್ತು ನೀವು ಕೊಳ್ಳುವ ಎರಡು ಫ್ಯಾನಿನ ಕಾರ್ಡ್ 20ರಿಂದ 25 ಸೆಂಟಿಮೀಟರ್ ಇರುತ್ತದೆ, ಯಾವುದರಲ್ಲಾದರೂ ಕೂರುತ್ತದೆ. ತೊಂದರೆ ಬರುವುದು ಎರಡು ವರ್ಷದ ಮೇಲೆ. 2024ರಲ್ಲಿ ಎನ್‌ವಿಡಿಯಾ ಸಣ್ಣ ಕ್ಯಾಬಿನೆಟ್‌ಗಳಿಗಾಗಿ ಒಂದು ಅಳತೆ ಪ್ರಕಟಿಸಿತು. ಕಾರ್ಡ್ 304 ಮಿಲಿಮೀಟರ್ ಉದ್ದ, ಕೇಬಲಿನ ಬಾಗೂ ಸೇರಿ 151 ಮಿಲಿಮೀಟರ್ ಎತ್ತರ, 50 ಮಿಲಿಮೀಟರ್ ದಪ್ಪ ಮೀರಬಾರದು ಅಂತ. ನಿಮ್ಮ ಕ್ಯಾಬಿನೆಟ್ ಇಷ್ಟು ಹಿಡಿಯುವುದಾದರೆ ಮುಂದೆ ಒಳ್ಳೊಳ್ಳೆ ಕಾರ್ಡ್‌ಗಳಿಗೆ ಬಾಗಿಲು ತೆರೆದಿರುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಫ್ಯಾನ್ ಕೂರಿಸಿದರೆ ಉದ್ದದಲ್ಲಿ ಎರಡೂವರೆ ಸೆಂಟಿಮೀಟರ್ ಹೋಯಿತು ಅನ್ನುವುದೂ ಲೆಕ್ಕದಲ್ಲಿರಲಿ. ಕ್ಯಾಬಿನೆಟ್ ಮುಂಭಾಗ ಪೂರ್ತಿ ಗಾಜಿದ್ದು, ಬೇರೆಲ್ಲೂ ಗಾಳಿ ಒಳಗೆ ಬರಲು ಜಾಗ ಇಲ್ಲದ್ದಾದರೆ ಬಿಟ್ಟುಬಿಡಿ. ಜಾಲರಿ ಇದ್ದದ್ದೇ ನಮ್ಮ ಊರಿಗೆ ಸರಿ.

ಎಸ್‌ಎಂಪಿಎಸ್ ವಿಷಯಕ್ಕೆ ಬರೋಣ. ಇದರ ಮೇಲೆ ಬರೆದಿರುವ ವ್ಯಾಟ್ ಅದು ಎಷ್ಟು ಕೊಡಬಲ್ಲದು ಅನ್ನುವುದರ ಲೆಕ್ಕ. ಎಳೆಯುವುದು ಒಳಗಿನ ಸಾಮಾನು ಎಷ್ಟು ಕೇಳುತ್ತದೋ ಅಷ್ಟೇ. 300 ವ್ಯಾಟ್ ಬೇಡುವ ಕಂಪ್ಯೂಟರಿಗೆ 750 ವ್ಯಾಟಿನದು ಹಾಕಿದರೂ ಬಿಲ್ ಏರುವುದಿಲ್ಲ. ನಿಮ್ಮ ಗೆಳೆಯನಿಗೆ ಹೇಳಿ. ಹಾಗಂತ 1000 ವ್ಯಾಟೂ ಬೇಡ, ಸುಮ್ನೆ ದಂಡ.

ಆರ್‌ಟಿಎಕ್ಸ್ 5060 ಕಾರ್ಡ್ 145 ವ್ಯಾಟ್ ಎಳೆಯುತ್ತದೆ. ಅದಕ್ಕೆ ಕಂಪನಿ ಹೇಳುವ ಎಸ್‌ಎಂಪಿಎಸ್ 550 ವ್ಯಾಟ್. 5070ಕ್ಕೆ 250 ವ್ಯಾಟ್ ಬೇಕು, ಅದಕ್ಕೆ ಹೇಳುವುದು 650. ಈಗಲೇ 650 ಅಥವಾ 750 ವ್ಯಾಟಿನ, ಒಳ್ಳೆ ಹೆಸರಿನ, 80 ಪ್ಲಸ್ ಗೋಲ್ಡ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆ) ಇರುವ ಒಂದನ್ನು ಹಾಕಿಕೊಂಡರೆ ಮುಂದಿನ ಕಾರ್ಡಿಗೂ ಅದೇ ಸಾಕು. ಐದು ವರ್ಷಕ್ಕಿಂತ ಜಾಸ್ತಿ ವಾರಂಟಿ ಇರುವುದನ್ನೇ ಆರಿಸಿ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಅಂತ ಬರೆದಿದ್ದರೂ ನಂಬಬೇಡಿ. ಸಣ್ಣ ಕ್ಯಾಬಿನೆಟ್ ಆದ್ದರಿಂದ ಕೇಬಲ್ ಬಿಚ್ಚಿಡಬಹುದಾದ ಮಾಡ್ಯುಲರ್ ಇದ್ದರೆ ಒಳ್ಳೆಯದು. ಬೇಡದ ಕೇಬಲ್ ಗಂಟು ಗಾಳಿಗೆ ಅಡ್ಡ ನಿಲ್ಲುತ್ತದೆ. ಒಂದು ಎಚ್ಚರಿಕೆ: ಒಂದು ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲನ್ನು ಇನ್ನೊಂದಕ್ಕೆ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ವೈರಿನ ಸಾಲು ಬೇರೆ ಇರಬಹುದು. ಹಾಗಿದ್ದರೆ ಸ್ವಿಚ್ ಒತ್ತಿದ ಕ್ಷಣಕ್ಕೆ, ಫೈಲು ಇಡುವ ಎಸ್‌ಎಸ್‌ಡಿಯೇ ಹೋಗಿಬಿಡಬಹುದು.

ಮದರ್‌ಬೋರ್ಡಿಗೆ ಎಎಂಡಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಹಿಡಿಯಿರಿ ಅನ್ನುತ್ತೇನೆ. ಕಾರಣ ಅಪ್‌ಗ್ರೇಡ್. ಹಿಂದಿನ ಎಎಂ4 ಸಾಕೆಟಿನಲ್ಲಿ 2017ರಲ್ಲಿ ಮೊದಲ ರೈಜೆನ್ ಹಾಕಿಸಿಕೊಂಡ ಬಹಳಷ್ಟು ಜನ ಅದೇ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ 2022ರಲ್ಲಿ ಬಂದ 5800ಎಕ್ಸ್3ಡಿ ಹಾಕಿಕೊಂಡರು. ಎಎಂ5 ಬಂದದ್ದು 2022ರಲ್ಲಿ. 2027ರವರೆಗೂ, ಅದರಾಚೆಗೂ ಮುಂದುವರಿಸುತ್ತೇವೆ ಅಂತ ಕಂಪನಿ ಹೇಳಿದೆ. ಇಂಟೆಲ್‌ನ 12, 13, 14ನೇ ತಲೆಮಾರು ಕೂರುವ ಸಾಕೆಟ್‌ಗೆ 2024ರಲ್ಲೇ ಬದಲಿ ಬಂತು. ಅದರಲ್ಲಿ ಕೂರುವ 12400ಎಫ್ ಇವತ್ತಿಗೂ ಒಳ್ಳೆ ಪ್ರೊಸೆಸರ್, ಅಗ್ಗ ಕೂಡ. ಆದರೆ ಆ ದಾರಿ ಮುಂದೆ ಹೋಗುವುದಿಲ್ಲ. ನಿಮಗೆ ಬೇಕಿರುವುದು ಮುಂದೆ ಹೋಗುವ ದಾರಿ.

ಬಿ650 ಅಥವಾ ಬಿ850 ಮೈಕ್ರೋ ಎಟಿಎಕ್ಸ್ ಬೋರ್ಡ್ ಸಾಕು. ಅದಕ್ಕಿಂತ ದುಬಾರಿ ಬೋರ್ಡ್ ಹಾಕಿದರೆ ಆಟದ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಏರುವುದಿಲ್ಲ. ಬೋರ್ಡಿನ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯಾ ನೋಡಿ. ಅಂಗಡಿಯ ಕಪಾಟಿನಲ್ಲಿ ಬಹಳ ದಿನ ಕೂತ ಬಿ650 ಬೋರ್ಡ್ ಹೊಸ 9000 ಸರಣಿಯ ಪ್ರೊಸೆಸರನ್ನು ಗುರುತಿಸದೇ ಇರಬಹುದು. ಈ ಗುಂಡಿ ಇದ್ದರೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಅಪ್‌ಡೇಟ್ ಮಾಡಬಹುದು. ಈಗ 7600 ಹಾಕಿ. ಆರು ಕೋರ್ ಇದೆ, ಬೋರ್ಡಿನಿಂದಲೇ ಪರದೆ ಬರುವ ಸಣ್ಣ ಗ್ರಾಫಿಕ್ಸ್ ಒಳಗೇ ಇದೆ. ನಾಳೆ ಕಾರ್ಡ್ ರಿಪೇರಿಗೆ ಹೋದರೂ ಕಾಲೇಜಿನ ಕೆಲಸ ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ನೂರಿನ್ನೂರು ಉಳಿಯುತ್ತೆ ಅಂತ 7500ಎಫ್‌ಗೆ ಇಳಿಯಬೇಡಿ, ಅದರಲ್ಲಿ ಈ ಸೌಲಭ್ಯ ಇಲ್ಲ. ಬೆಲೆ ವ್ಯತ್ಯಾಸ ದೊಡ್ಡದಿದ್ದರೆ ಮಾತು ಬೇರೆ. ವ್ಯಾಲರಂಟ್ ಜಾಸ್ತಿ ಆಡುವವರಿಗೆ ಪ್ರೊಸೆಸರ್ ಮುಖ್ಯ. ಮುಂದೆ 7800ಎಕ್ಸ್3ಡಿ ಥರದ್ದು ಅದೇ ಸಾಕೆಟಿಗೆ ಕೂರುತ್ತದೆ.

ಕಾರ್ಡಿನಲ್ಲಿ ನಿಮ್ಮ ಮುಂದೆ ಎರಡು ದಾರಿ. 8 ಜಿಬಿ ಮೆಮೊರಿ ಇರುವ 5060, ಇಲ್ಲವೇ 16 ಜಿಬಿ ಇರುವ ಆರ್‌ಎಕ್ಸ್ 9060 ಎಕ್ಸ್‌ಟಿ. ಫುಲ್ ಎಚ್‌ಡಿಯಲ್ಲಿ 8 ಜಿಬಿ ಇವತ್ತಿಗೆ ನಡೆಯುತ್ತದೆ. ಆದರೆ ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್‌ಚರ್, ಅಂದರೆ ಚಿತ್ರದ ವಿವರ, ಪೂರ್ತಿ ಏರಿಸಿದರೆ ತುಂಬಿ ಬಿಡುತ್ತದೆ. ತುಂಬಿದಾಗ ಕಾರ್ಡ್ ಕಂಪ್ಯೂಟರಿನ ರ‍್ಯಾಮಿನಿಂದ ತರಿಸಿಕೊಳ್ಳಬೇಕು. ಆ ದಾರಿ ನಿಧಾನ. ಆಟ ತಡವರಿಸುವುದು ಆಗಲೇ. ಎರಡು ವರ್ಷಕ್ಕೆ ಕಾರ್ಡ್ ಬದಲಿಸುವುದು ಖಂಡಿತ ಅಂದರೆ 5060 ಸಾಕು. ‘ನೋಡೋಣ’ ಅನ್ನುವ ಜಾತಿಯವರಾದರೆ 16 ಜಿಬಿಯದು ತಗೊಳ್ಳಿ. ನನ್ನ ಅನುಭವದಲ್ಲಿ ಎರಡು ವರ್ಷ ಅಂದವರು ನಾಲ್ಕು ವರ್ಷ ಓಡಿಸುತ್ತಾರೆ.

‘ಬಾಟಲ್‌ನೆಕ್ ಕ್ಯಾಲ್ಕುಲೇಟರ್’ ಅಂತ, ಯಾವ ಭಾಗ ಇನ್ನೊಂದರ ವೇಗಕ್ಕೆ ಎಷ್ಟು ಅಡ್ಡ ಬರುತ್ತದೆ ಅನ್ನುವುದನ್ನು ಶೇಕಡಾವಾರು ತೋರಿಸುವ ತಾಣಗಳಿವೆ. ಅವನ್ನು ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದೇ ಕಂಪ್ಯೂಟರಿನಲ್ಲಿ ವ್ಯಾಲರಂಟ್‌ಗೆ ಪ್ರೊಸೆಸರ್ ಅಡ್ಡ ಬಂದರೆ ಸೈಬರ್‌ಪಂಕ್‌ಗೆ ಕಾರ್ಡ್ ಅಡ್ಡ ಬರುತ್ತದೆ. ಅದನ್ನು ಒಂದೇ ಅಂಕಿಯಲ್ಲಿ ಹೇಳಲು ಆಗುವುದಿಲ್ಲ.

ರ‍್ಯಾಮಿನ ಬೆಲೆ ಮಾತ್ರ ಈಗ ಹೊಟ್ಟೆ ಉರಿಸುತ್ತದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಎಳೆದುಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಬೆಲೆ ಜಿಗಿದಿದೆ. ಕೈಯಲ್ಲಿ ದುಡ್ಡಿದ್ದರೆ ಡಿಡಿಆರ್5, 6000 ವೇಗದ, 16 ಜಿಬಿಯ ಎರಡು ಕಡ್ಡಿ. ಇಲ್ಲದಿದ್ದರೆ 16 ಜಿಬಿಯ ಒಂದೇ ಕಡ್ಡಿ ಹಾಕಿ, ಅದೇ ಮಾಡೆಲಿನ ಇನ್ನೊಂದನ್ನು ಆಮೇಲೆ ಸೇರಿಸಿ. ಒಂಟಿ ಕಡ್ಡಿಯಲ್ಲಿ ವೇಗ ಸ್ವಲ್ಪ ಹೋಗುತ್ತದೆ, ಬೇರೆ ಬ್ಯಾಚಿನ ಕಡ್ಡಿಗಳು ಹೊಂದದೇ ಇರುವ ಅಪಾಯವೂ ಇದೆ. ಆದರೂ 8 ಜಿಬಿಯ ಎರಡಕ್ಕಿಂತ ಇದೇ ವಾಸಿ. ಎಎಂ5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ರ‍್ಯಾಮಿನ ವೇಗ ಬಹಳ ಇಳಿಸಬೇಕಾಗುತ್ತದೆ. ಹಾಕಿದ ಮೇಲೆ ಬಯಾಸ್‌ಗೆ ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಆನ್ ಮಾಡಿ. ಎಷ್ಟೋ ಜನ 6000ದ್ದು ಕೊಂಡು 4800ರಲ್ಲೇ ಓಡಿಸುತ್ತಿರುತ್ತಾರೆ. ಎಸ್‌ಎಸ್‌ಡಿ 1 ಟಿಬಿ, ನೇರ ಬೋರ್ಡಿಗೇ ಕೂರುವ ಎನ್‌ವಿಎಂಇ. ಬೋರ್ಡಿನಲ್ಲಿ ಎರಡನೇ ಜಾಗ ಇರಲಿ, ಮುಗಿಯಿತು.

ಈಗ ನಿಮ್ಮ ಮನೆಯ ವಿಷಯ. ಕೆಳಗಡೆ ಹೊಲಿಗೆ ಮಷಿನ್‌ಗಳ ಮೋಟಾರು ಒಟ್ಟಿಗೆ ಶುರುವಾದಾಗ ಮೇಲೆ ಟ್ಯೂಬ್‌ಲೈಟ್ ಮಿಣುಕುತ್ತದಾ? ಹಾಗಿದ್ದರೆ ನಿಮ್ಮ ರೂಮಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. ಆಮೇಲೆ ಅರ್ಥಿಂಗ್. ಕಂಪ್ಯೂಟರ್ ಓಡುವಾಗ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ತಗಡಿಗೆ ಬೆರಳ ಹಿಂಭಾಗ ತಾಗಿದಾಗ ಜುಂ ಅಂದರೆ ಅರ್ಥಿಂಗ್ ಇಲ್ಲ ಅಂತಲೇ ಲೆಕ್ಕ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳು ಇರುತ್ತವೆ. ಅವು ಸೋಸಿದ್ದನ್ನು ಅರ್ಥಿಗೆ ಬಿಡಬೇಕು. ಅರ್ಥ್ ಇಲ್ಲದಿದ್ದರೆ ಅದು ತಗಡಿನಲ್ಲೇ ನಿಲ್ಲುತ್ತದೆ. ಇದನ್ನು ಪರೀಕ್ಷೆ ಅಂತ ಮುಟ್ಟಿ ನೋಡಲು ಹೋಗಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಲ್ಲಿ ಅಳೆಸಿ. ಫೇಸ್‌ಗೂ ಅರ್ಥಿಗೂ ನಡುವೆ 230ರ ಆಸುಪಾಸು, ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟ್ ಮೀರದೆ ಬರಬೇಕು. ಅರ್ಥಿಂಗ್ ಸರಿಯಿಲ್ಲದೆ ಸ್ಪೈಕ್ ಬಸ್ಟರ್ ಹಾಕಿದರೆ ಅದು ಹೆಚ್ಚುಕಡಿಮೆ ಬರೀ ಎಕ್ಸ್‌ಟೆನ್ಷನ್ ಬೋರ್ಡ್.

ಯುಪಿಎಸ್ ಬೇಕು. ನೀವು ಜೋಡಿಸುವ ಯಂತ್ರ ಆಟದ ಹೊತ್ತಿಗೆ ಮಾನಿಟರ್ ಸೇರಿ 300 ವ್ಯಾಟ್ ಆಸುಪಾಸು ಎಳೆಯುತ್ತದೆ. 600 ವಿಎ ಅಂತ ಬರೆದ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ತೀರಾ ಬಿಗಿ. 1 ಕೆವಿಎ, 600 ವ್ಯಾಟಿನದು ತಗೊಳ್ಳಿ. ಅದು ಆಟ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಮುಚ್ಚಲಿಕ್ಕೆ. ಮನೆಯ ಇನ್ವರ್ಟರಿಗೇ ಹಾಕುವುದಾದರೆ ಅದು ಪ್ಯೂರ್ ಸೈನ್ ವೇವ್ ಇರಬೇಕು, ಹಿಂದಿರುವ ಸ್ವಿಚ್ ಯುಪಿಎಸ್ ಕಡೆ ಇರಬೇಕು. ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆಯುವುದು ಸುಮಾರು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟೇ. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ತಡ ಮಾಡುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಧೂಳಿನ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬಳ್ಳಾರಿಯ ಕೆಂಪು ಧೂಳು ನಮಗೆ ಹೊಸದಲ್ಲ. ನಿಮ್ಮಲ್ಲಿ ಅದರ ಜೊತೆ ಜೀನ್ಸಿನ ನೂಲಿನ ಪುಡಿ ಇದೆ. ಹೊಲಿಗೆ ಯೂನಿಟ್ ಇರುವ ಮನೆಗಳಿಂದ ಬಂದ ಕಂಪ್ಯೂಟರ್ ಬಿಚ್ಚಿದರೆ ಕೂಲರಿನ ರೆಕ್ಕೆಗಳ ನಡುವೆ ನೀಲಿ ಕಂಬಳಿಯ ತುಂಡಿನ ಹಾಗೆ ಅಂಟಿಕೊಂಡಿರುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ. ಅದಕ್ಕೇ ಒಳಗೆ ಊದುವ ಫ್ಯಾನ್ ಎರಡು, ಹೊರಗೆ ತಳ್ಳುವುದು ಒಂದು ಇರಲಿ. ಒಳಗಿನ ಒತ್ತಡ ಸ್ವಲ್ಪ ಜಾಸ್ತಿ ಇದ್ದರೆ ಧೂಳು ಸಂದಿಗಳಿಂದ ನುಗ್ಗುವುದಿಲ್ಲ, ಫಿಲ್ಟರ್ ಇರುವ ಕಡೆಯಿಂದಲೇ ಗಾಳಿ ಬರುತ್ತದೆ. ಫಿಲ್ಟರ್ ಸುಲಭವಾಗಿ ಕೈಗೆ ಬರುವಂಥ ಕ್ಯಾಬಿನೆಟ್ ಆರಿಸಿ, ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಳ್ಳಿ. ನೆಲದ ಮೇಲೆ ಇಡಬೇಡಿ. ಬೇಸಿಗೆಯಲ್ಲಿ ರೂಮಿಗೆ ನೀರಿನ ಏರ್ ಕೂಲರ್ ಹಾಕುವುದು ಒಳ್ಳೆಯದೇ, ರೂಮು ತಣ್ಣಗಾದಷ್ಟೂ ಕಾರ್ಡ್ ತಣ್ಣಗಿರುತ್ತದೆ. ಅದರ ಗಾಳಿ ನೇರ ಕ್ಯಾಬಿನೆಟ್ ಮೇಲೆ ಬೀಳದ ಹಾಗೆ ತಿರುಗಿಸಿ. ಬೋರ್‌ವೆಲ್ ನೀರಿನ ಹನಿ ಒಳಗೆ ಹೋದರೆ ಬಿಳಿ ಉಪ್ಪಿನ ಕಲೆ ಬಿಡುತ್ತದೆ.

ಬೇಸಿಗೆಗೆ ಖರ್ಚಿಲ್ಲದ ಇನ್ನೊಂದು ಉಪಾಯವಿದೆ. ನಿಮ್ಮ ಮಾನಿಟರ್ ತೋರಿಸುವುದೇ 144 ಫ್ರೇಮ್. ಆಟದಲ್ಲಿ ಫ್ರೇಮ್ ಮಿತಿಯನ್ನು ಅಷ್ಟಕ್ಕೆ ಕಟ್ಟಿ. ಸಾಫ್ಟ್‌ವೇರಿನಲ್ಲಿ ಕಾರ್ಡಿನ ಪವರ್ ಮಿತಿಯನ್ನು ಶೇಕಡಾ 85ಕ್ಕೆ ಇಳಿಸಿ ನೋಡಿ. ಬಿಸಿ ಇಳಿದಷ್ಟು ವೇಗ ಇಳಿಯುವುದಿಲ್ಲ.

ಲ್ಯಾಪ್‌ಟಾಪ್ ತಪ್ಪು ಆಯ್ಕೆಯೇನಲ್ಲ. ಹಾಸ್ಟೆಲ್ಲು, ಪಿಜಿ ಅಂತ ತಿಂಗಳಿಗೊಮ್ಮೆ ತಿರುಗುವವರಿಗೆ ಅದೇ ಸರಿ. ಆದರೆ ಅದರ ಕಾರ್ಡ್ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಎರಡು ವರ್ಷದ ನಿಮ್ಮ ಯೋಜನೆ ಅಲ್ಲಿಗೇ ನಿಂತಿತು. ಹೆಸರು ಒಂದೇ ಇದ್ದರೂ ಕಾರ್ಡ್ ಒಂದೇ ಅಲ್ಲ. 4060 ಲ್ಯಾಪ್‌ಟಾಪ್ ಕಾರ್ಡನ್ನು ಕಂಪನಿಗಳು 35ರಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಮಿತಿಯಲ್ಲಿ ಕೂರಿಸುತ್ತವೆ. ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ತೆಳ್ಳನೆಯ ಆಫೀಸ್ ಡೆಸ್ಕ್‌ಟಾಪಿಗೆ ಕಾರ್ಡ್ ಹಾಕೋಣ ಅಂತಲೂ ಕೆಲವರು ಕೇಳುತ್ತಾರೆ. ಅವುಗಳ ಎಸ್‌ಎಂಪಿಎಸ್ಸು, ಬೋರ್ಡು ಹೆಚ್ಚಾಗಿ ಕಂಪನಿಯ ಸ್ವಂತ ಅಳತೆಯವು. ಸ್ಲಾಟಿನಿಂದ ಸಿಗುವ 75 ವ್ಯಾಟಿನಲ್ಲೇ ಓಡುವ ಗಿಡ್ಡ ಕಾರ್ಡ್ ಮಾತ್ರ ಕೂರುತ್ತದೆ. ಅದರಾಚೆ ಬೆಳೆಯುವುದಿಲ್ಲ.

ಕೊಳ್ಳುವುದು ಎಲ್ಲಿ? ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಯ್ಕೆ ಜಾಸ್ತಿ, ಆನ್‌ಲೈನಿನಲ್ಲಿ ಬೆಲೆ ಹೋಲಿಸಬಹುದು. ಎಸ್‌ಎಂಪಿಎಸ್, ಯುಪಿಎಸ್ ಥರದ ಭಾರದ ಸಾಮಾನು ಬಳ್ಳಾರಿಯಲ್ಲೇ ಕೊಂಡರೆ ವಾರಂಟಿಗೆ ಓಡಾಟ ಉಳಿಯುತ್ತದೆ. ಎಲ್ಲಿ ಕೊಂಡರೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. ಆ ಕಂಪನಿಯ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಆಫರ್ ಬಂತು ಅಂತ ತಿಂಗಳಿಗೊಂದು ಬಿಡಿಭಾಗ ಕೂಡಿಹಾಕಬೇಡಿ. ಎಲ್ಲಾ ಸೇರಿ ಆನ್ ಮಾಡುವ ಹೊತ್ತಿಗೆ ಮೊದಲು ಕೊಂಡ ಬೋರ್ಡಿನ ವಾಪಸಾತಿ ದಿನ ಮುಗಿದಿರುತ್ತದೆ. ಒಂದೇ ವಾರದೊಳಗೆ ತರಿಸಿ. ಕ್ಯಾಬಿನೆಟ್‌ಗೆ ಹಾಕುವ ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಹಾಕಿ ಪರದೆ ಬರುತ್ತದಾ ನೋಡಿ. ಡಿಡಿಆರ್5 ಮೊದಲ ಸಲ ಆನ್ ಆದಾಗ ತನ್ನನ್ನು ತಾನೇ ಹೊಂದಿಸಿಕೊಳ್ಳಲು ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ, ಚಹಾ ಕುಡಿದು ಬನ್ನಿ.